ಯಾರನ್ನೂ ಕಡಿಯದೆ ಒಳಗೆ ಹೋದವಳು

ಮೊಮ್ಮಗಳು ರಜೆಗೆ ಬಂದಾಗ ಫೋನಿನಲ್ಲಿ ಜಪಾನಿನ ಕಾರ್ಟೂನು ತೋರಿಸುತ್ತಾಳೆ. ಅದರಲ್ಲಿ ಒಂದಷ್ಟು ಜನ ಯಾವುದೋ ಆಟದೊಳಗೆ ಸಿಕ್ಕಿಬೀಳುತ್ತಾರೆ, ಆಟ ಗೆಲ್ಲದೆ ಹೊರಗೆ ಬರುವ ಹಾಗಿಲ್ಲ. "ಇಂಥ ಕಥೆ ನೀನು ಕೇಳೇ ಇರಲ್ಲ ಅಜ್ಜಿ" ಎಂದಳು. ನಾನು ಸ್ವಲ್ಪ ಹೊತ್ತು ನೋಡಿ, "ಇವರೆಲ್ಲ ಊಟಕ್ಕೇನು ಮಾಡ್ತಾರೆ, ಪಾತ್ರೆ ಯಾರು ತೊಳೀತಾರೆ" ಎಂದು ಕೇಳಿದೆ. ಅವಳಿಗೆ ಸಿಟ್ಟು ಬಂತು. ಬರಲಿ. ಇಂಥ ಕಥೆಗಳಿಗೆ ವಿಮರ್ಶೆ ಬರೆಯಲು ನಾನು ಶುರುಮಾಡಿದ್ದು ಅವಳಮ್ಮ ಹುಟ್ಟುವುದಕ್ಕೂ ಮುಂಚೆ, ಟಿ. ನರಸೀಪುರದ ಅಡುಗೆಮನೆಯಲ್ಲಿ ನಿಂತುಕೊಂಡು.

ಆಗ ಮೈಸೂರಿನಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲೊಂದು ಧಾರಾವಾಹಿ. ಹಳೆಯ ಬಂಗಲೆ, ಸಾಲಿಗೆ ಐದರಂತೆ ಐದು ಸಾಲು ಕೋಣೆಗಳು, ಥೇಟ್ ಚೌಕಾಬಾರದ ಮನೆ. ಮದುವೆಗೆ ಬಂದ ನೆಂಟರೆಲ್ಲ ಅದರೊಳಗೆ ಸಿಕ್ಕಿಬಿದ್ದಿದ್ದಾರೆ. ದಿನಾ ಬೆಳಿಗ್ಗೆ ಒಬ್ಬ ಮುದುಕ ಕವಡೆ ಹಾಕುತ್ತಾನೆ, ಬಿದ್ದಷ್ಟು ಕೋಣೆ ಇವರು ನಡೆಯಬೇಕು. ಒಬ್ಬರಿರುವ ಕೋಣೆಗೆ ಇನ್ನೊಬ್ಬರು ಬಂದು ಬಿದ್ದರೆ ಮೊದಲಿದ್ದವರನ್ನು ಕಡಿದ ಹಾಗೆ, ಅವರು ಹೊರಟ ಜಾಗಕ್ಕೇ ವಾಪಸ್ಸು ಹೋಗಬೇಕು. ಹೊರ ಸುತ್ತು ಮುಗಿಸಿ, ಒಳ ಸುತ್ತು ಮುಗಿಸಿ, ನಟ್ಟನಡುವಿನ ಕೋಣೆ ಮುಟ್ಟಿದವರಿಗೆ ಮಾತ್ರ ಹೊರಗೆ ಹೋಗುವ ಬಾಗಿಲು ಸಿಗುತ್ತದೆ. ನಾಯಕಿ ಹೊಸದಾಗಿ ಮದುವೆಯಾದ ಹುಡುಗಿ. ಊರಿಗೆ ಊರೇ ಆ ಹುಡುಗಿಯ ಚಿಂತೆಯಲ್ಲಿ ಬಿದ್ದಿತ್ತು. ಹಾಲು ಹಾಕುವ ಹೆಂಗಸು ಓದು ಬರಹ ಇಲ್ಲದವಳು, ಅವಳೂ ತಂಬಿಗೆ ಕೆಳಗಿಟ್ಟು, "ಆ ಎಣ್ಣು ಈಚ್ಗೆ ಬಂತೇನವ್ವ" ಎಂದು ಕೇಳಿಕೊಂಡೇ ಮುಂದಿನ ಮನೆಗೆ ಹೋಗುತ್ತಿದ್ದಳು.

ನಾನು ತುರ್ತು ಪರಿಸ್ಥಿತಿ ಮುಗಿದ ವರ್ಷ ನಂಜನಗೂಡಿನಿಂದ ನರಸೀಪುರದ ಆ ಮನೆಗೆ ಸೊಸೆಯಾಗಿ ಬಂದವಳು. ಮೈಸೂರಿನಲ್ಲಿ ಬಿ.ಎ. ಮಾಡಿದ್ದೆ. ಗಂಡನಿಗೆ ಕೊಳ್ಳೇಗಾಲದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುವುದು. ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರಾದ ಮಾವ, ನಾನು, ಅತ್ತೆ. ನಾನು ಬಂದ ಎರಡನೇ ವರ್ಷ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು. ಆಮೇಲೆ ನನ್ನ ಲೋಕವೆಂದರೆ ಅವರ ಕೋಣೆ, ಅಡುಗೆಮನೆ, ಹಿತ್ತಲು, ಮತ್ತೆ ಅವರ ಕೋಣೆ. ತಲೆಯೆತ್ತಿದರೆ ಒಳಂಗಳದ ತೊಟ್ಟಿಯ ಮೇಲೆ ಚೌಕವಾಗಿ ಒಂದು ತುಂಡು ಆಕಾಶ. ನಂಜನಗೂಡಿನಲ್ಲಿ ನಾನು ಬಟ್ಟೆ ಒಗೆದ ಕಪಿಲೆಯೇ ಇಲ್ಲಿಗೂ ಬಂದು ಕಾವೇರಿಗೆ ಸೇರುತ್ತಾಳೆ. ಅವಳಿಗಾದರೂ ಮುಂದೆ ಹೋಗಲು ದಾರಿಯಿತ್ತು, ನನಗೆ ಇದ್ದದ್ದು ಬಚ್ಚಲವರೆಗೆ.

ಒಬ್ಬ ಹೆಂಗಸನ್ನು ಕೆಲಸಕ್ಕಿಟ್ಟುಕೊಳ್ಳಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನಮ್ಮದು ಮಠದ ಕಡೆಯ ಮನೆ. ಸ್ನಾನ, ವಿಭೂತಿ, ಪೂಜೆ ಆಗದೆ ಅತ್ತೆಯ ಬಾಯಿಗೆ ಒಂದು ಗುಟುಕು ನೀರೂ ಹೋಗುವಂತಿರಲಿಲ್ಲ. ಅದನ್ನೆಲ್ಲ ಮಾಡಿಸುವವರು ಮನೆಯವರೇ ಆಗಬೇಕು, ಹೊರಗಿನ ಕೈ ತಾಕಬಾರದು ಎಂದು ಮಾವನ ಪಟ್ಟು. ಅವರು ಗದರಿದವರಲ್ಲ, ಕೂಗಾಡಿದವರಲ್ಲ. "ನಮ್ಮಲ್ಲಿ ಹಾಗಿಲ್ಲಮ್ಮ" ಎಂದು ಮೆಲ್ಲಗೆ ಹೇಳಿದರೆ ಮುಗಿಯಿತು. ಗದರುವವರ ಜೊತೆ ಜಗಳವಾದರೂ ಆಡಬಹುದು.

ಪತ್ರಿಕೆ ಮೈಸೂರು ಬಸ್ಸಿನಲ್ಲಿ ಬಂದ ದಿನ ಊಟವಾದ ಮೇಲೆ ಮಾವ ಪಡಸಾಲೆಯಲ್ಲಿ ಕುಳಿತು ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕೋಣೆಯಲ್ಲಿ ಮಲಗಿದ ಅತ್ತೆಗೂ ಒಲೆಯ ಮುಂದಿದ್ದ ನನಗೂ ಕೇಳಬೇಕು, ಅಷ್ಟು ಗಟ್ಟಿಯಾಗಿ. ಮೇಷ್ಟರ ಓದು, ಒಂದೊಂದು ಪಾತ್ರಕ್ಕೆ ಒಂದೊಂದು ದನಿ. ಒಂದು ಸಲ ನಾಯಕಿಯ ಹಿಂದೆಯೇ ಅವಳನ್ನು ಕಡಿಯುವ ಖಳ ಬಂದು ನಿಂತಿದ್ದಾನೆ, ನಾಲ್ಕು ಬಿದ್ದರಷ್ಟೇ ಅವಳು ಪಾರು. ಮುದುಕ ಕವಡೆ ಹಾಕಿದ, ನಾಲ್ಕೂ ಬಾಯಿ ಮೇಲಾಗಿ ಬಿದ್ದು ಚೌಕ. ಮಾವನ ದನಿ ಗದ್ಗದವಾಯಿತು. ನನಗೆ ರೇಗಿಹೋಯಿತು.

"ಅಲ್ಲ ಮಾವ, ಪ್ರತಿ ಸಲ ಅವಳು ಅಳೋ ಹೊತ್ತಿಗೆ ಸರಿಯಾಗಿ ಚೌಕ ಬೀಳುತ್ತಲ್ಲ, ಅದು ಹೇಗೆ?" ಎಂದೆ ಒಳಗಿನಿಂದಲೇ.

"ದೇವರಿದ್ದಾನಮ್ಮ."

"ದೇವರಿದ್ದರೆ ಕವಡೆ ಯಾಕೆ ಬೇಕು? ಕವಡೆ ಅಂದಮೇಲೆ ಅದಕ್ಕೆ ದಯೆ ಗಿಯೆ ಇರಬಾರದು. ಬರೆಯೋನು ಕವಡೇನ ತನ್ನ ಕೈಯಲ್ಲೇ ತಿರುಗಿಸಿ ಇಟ್ಟುಬಿಟ್ಟರೆ ನಮಗೆ ಹೆದರಿಕೆ ಎಲ್ಲಿಂದ ಬರಬೇಕು?"

ಮಾವ ಪತ್ರಿಕೆ ಮಡಿಚುವ ಸದ್ದು ಕೇಳಿಸಿತು. ಏನೆಂದುಕೊಂಡರೋ ಎಂದು ನಾನು ಸೌಟು ಹಿಡಿದು ನಿಂತೆ. ಕೊನೆಗೆ, "ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತೆ. ಬರೆದುಕೊಡು, ನಾನು ಪೋಸ್ಟ್ ಮಾಡ್ತೀನಿ" ಎಂದರು. ಬರೆದೆ. ಅವರು ಅಲ್ಪವಿರಾಮಗಳನ್ನೆಲ್ಲ ಸರಿಮಾಡಿ, ಮುತ್ತಿನಂಥ ಅಕ್ಷರದಲ್ಲಿ ಪ್ರತಿ ತೆಗೆದು, ತಾವೇ ಪೋಸ್ಟಾಫೀಸಿಗೆ ಹೋಗಿ ಹಾಕಿಬಂದರು. ಅಚ್ಚಾಗಿ ಬಂತು. ಆ ದಿನ ಅವರು ಹೋಟೆಲು, ಕ್ಷೌರದಂಗಡಿ, ಲೈಬ್ರರಿ ಎಲ್ಲ ಕಡೆ ಪತ್ರಿಕೆ ಹಿಡಿದುಕೊಂಡು ತಿರುಗಿದರು. ಸೊಸೆ ಬರೆದದ್ದು ಎಂದು ಹೇಳಲು ಅವರಿಗೆ ಸಂಕೋಚವೇ ಇರಲಿಲ್ಲ. ಅವರನ್ನು ನಾನು ದ್ವೇಷಿಸಲಾಗದೆ ಹೋದದ್ದು ಇದಕ್ಕೇ.

ಅಲ್ಲಿಂದ ಬರೆಯುತ್ತಾ ಹೋದೆ. ಚೌಕಾಬಾರ ನನಗೆ ಕಲಿಸಬೇಕಾದ್ದಿರಲಿಲ್ಲ. ನಂಜನಗೂಡಿನ ನಮ್ಮ ಮನೆಯ ಜಗುಲಿ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಉಳಿಯಲ್ಲಿ ಕೊರೆದ ಮನೆಗಳಿದ್ದವು. ಅಜ್ಜಿ, ಅಮ್ಮ, ಪಕ್ಕದ ಮನೆಯವರು ಒಡೆದ ಬಳೆ ಚೂರು, ಹುಣಸೆ ಬೀಜ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಅದರ ಮೇಲೆ ಬಿದ್ದಿರುತ್ತಿದ್ದರು. ನಾನು ಕೈಗೆ ಸಿಕ್ಕಿದ ಕಾಯನ್ನು ಬಿಟ್ಟವಳಲ್ಲ, ನನ್ನ ಜೊತೆ ಆಡಿ ಅತ್ತುಕೊಂಡು ಎದ್ದುಹೋದ ಗೆಳತಿಯರಿದ್ದಾರೆ. ಹಾಗಾಗಿ ಧಾರಾವಾಹಿಯಲ್ಲಿ ಒಂದು ನಡೆ ತಪ್ಪಿದರೂ ನನಗೆ ಹಲ್ಲಿಗೆ ಕಲ್ಲು ಸಿಕ್ಕಿದಂತಾಗುತ್ತಿತ್ತು.

ಒಂದು ಬರಹದಲ್ಲಿ, ಇಷ್ಟೊಂದು ಕೋಣೆಯಲ್ಲಿ ಒಂದರಲ್ಲೂ ಒಲೆ ಇಲ್ಲವಲ್ಲ, ಈ ನೆಂಟರಿಗೆಲ್ಲ ಬೇಯಿಸಿ ಹಾಕುವವರು ಯಾರು, ಅವರ ಸರದಿಗೆ ಕವಡೆ ಹಾಕುವವರು ಯಾರು ಎಂದು ಕೇಳಿದೆ. ಇನ್ನೊಂದರಲ್ಲಿ ಆ ಮುದುಕನ ಮೇಲೆ ಹರಿಹಾಯ್ದೆ. ಅವನನ್ನು ಕೆಂಗಣ್ಣಿನವನು, ಗಹಗಹಿಸಿ ನಗುವವನು ಎಂದೆಲ್ಲ ಮಾಡಿಟ್ಟಿದ್ದರು. ಜನ ಸಿಕ್ಕಿಬೀಳುವುದಕ್ಕೆ ಕೆಟ್ಟವನೊಬ್ಬ ಬೇಕೆಂದು ಬರೆಯುವವರು ತಿಳಿದಿದ್ದಾರೆ, ಆಟದ ಕಟ್ಟು ಗಟ್ಟಿಯಾಗಿದ್ದರೆ ಕೆಟ್ಟವನು ಬೇಕಿಲ್ಲ, ಎಲ್ಲರೂ ಒಳ್ಳೆಯವರೇ ಆಗಿದ್ದೂ ಒಬ್ಬರಿಗೂ ಹೊರಗೆ ಬರಲಾಗುವುದಿಲ್ಲ ಎಂದು ಬರೆದೆ. ಮಾವ ಅದನ್ನು ಎರಡು ಸಲ ಓದಿ, "ಆಳವಾಗಿದೆ ಕಣಮ್ಮ" ಎಂದು ಮೆಚ್ಚಿ ಪ್ರತಿ ತೆಗೆದರು. ನಾನು ಯಾರ ಮನೆ ನೋಡಿಕೊಂಡು ಬರೆದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಪತ್ರಿಕೆಯ ಸಂಪಾದಕರು ಮನೆ ಹುಡುಕಿಕೊಂಡು ಬಂದರು. ಯಾರದೋ ಕಾರ್ಯಕ್ಕೆ ಸಂಗಮಕ್ಕೆ ಬಂದಿದ್ದರಂತೆ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನೇರವಾಗಿ ನನಗೇ ಹೇಳಿದರು: "ನೋಡೀಮ್ಮ, ಧಾರಾವಾಹಿಗಳು ಅಚ್ಚಿಗೆ ಹೋಗೋಕೆ ಮುಂಚೆ ಓದಿ, ಎಲ್ಲಿ ದಾರಿ ತಪ್ಪಿದೆ ಅಂತ ಹೇಳೋರು ನನಗೆ ಬೇಕು. ಬರೆಯೋರ ಜೊತೆ ಎದುರೆದುರು ಕೂತು ಜಗಳ ಆಡಬೇಕು, ಪೋಸ್ಟಿನಲ್ಲಿ ಆಗೋ ಕೆಲಸ ಅಲ್ಲ. ಆಫೀಸಿನಲ್ಲಿ ನಿಮಗೆ ಅಂತ ಒಂದು ಮೇಜು, ಪತ್ರಿಕೆಯಲ್ಲಿ ವಿಮರ್ಶೆಗೆ ಅಂತ ಒಂದು ಪುಟ. ಬೆಳಿಗ್ಗೆ ಬಸ್ಸಿಗೆ ಬಂದು ಸಾಯಂಕಾಲ ವಾಪಸ್ಸು ಬರಬಹುದು. ದೀಪಾವಳಿ ತನಕ ಕಾಯ್ತೀನಿ."

ಒಂದು ಮೇಜು, ಒಂದು ಪುಟ. ನನ್ನ ಜೀವಮಾನದಲ್ಲಿ ಯಾವುದನ್ನೂ ನಾನು ಅಷ್ಟು ಬಯಸಿರಲಿಲ್ಲ, ಈಗಲೂ ಹೇಳುತ್ತೇನೆ. ಮಾವ ಹಿಗ್ಗಿಹೋಗಿ, "ನಮ್ಮ ಸೊಸೆ ಅಂದರೆ ಏನಂದುಕೊಂಡಿದ್ದೀರಿ" ಎಂದು ಸಂಪಾದಕರನ್ನು ಬಸ್‌ಸ್ಟ್ಯಾಂಡಿನ ತನಕ ಬಿಟ್ಟುಬಂದರು. ಬಂದು ಶಲ್ಯ ಕೊಡವಿ ಕುಳಿತು, "ಹೋಗಮ್ಮ, ನಾನ್ಯಾಕೆ ಬೇಡ ಅನ್ನಲಿ" ಎಂದರು. ಆಮೇಲೆ ಅತ್ತೆಯ ಕೋಣೆಯ ಕಡೆ ನೋಡಿದರು. "ಇವಳದೊಂದು ವ್ಯವಸ್ಥೆ ಆಗಿಬಿಟ್ಟರೆ."

ಶನಿವಾರ ಗಂಡ ಬಂದಾಗ ಕೇಳಿದೆ. "ಅಪ್ಪ ಏನಂದ್ರು?" ಎಂದರು. ಹೋಗು ಅಂದರು ಎಂದೆ. "ಹಾಗಾದ್ರೆ ಹೋಗು. ಆದ್ರೆ ಅಮ್ಮ?" ಎಂದರು. ಒಬ್ಬರೂ ಬೇಡ ಅನ್ನಲಿಲ್ಲ. ಒಬ್ಬರಾದರೂ ಬೇಡ ಅಂದಿದ್ದರೆ ನಾನು ಹಟ ಹಿಡಿದು ಹೊರಟೇಬಿಡುತ್ತಿದ್ದೆ. ರಾತ್ರಿ ಹೊರಳಾಡಿ, ಬೆಳಿಗ್ಗೆ ಎದ್ದು, ಅತ್ತೆಗೆ ಬಿಸಿನೀರು ಕಾಯಿಸುವುದು ಹಾಗೇ ನಡೆಯಿತು.

ಆ ದಿನಗಳಲ್ಲೇ ಧಾರಾವಾಹಿಯ ಹುಡುಗಿ ಹೊರ ಸುತ್ತು ಮುಗಿಸಿ ಒಳ ಸುತ್ತಿಗೆ ಕಾಲಿಟ್ಟಳು. ಮಾವ ಓದುತ್ತಿದ್ದಂತೆ ನಾನು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿಬಂದೆ. ಯಾಕೆಂದರೆ ಅವಳು ಅಲ್ಲಿಯವರೆಗೆ ಒಬ್ಬರನ್ನೂ ಕಡಿದಿರಲಿಲ್ಲ. ಚೌಕಾಬಾರದಲ್ಲಿ ಎದುರಾಳಿಯ ಒಂದಾದರೂ ಕಾಯನ್ನು ಕಡಿಯದವರಿಗೆ ಒಳ ಸುತ್ತಿಗೆ ದಾರಿಯಿಲ್ಲ, ಕಡಿಯುವವರೆಗೆ ಹೊರಗೇ ಸುತ್ತುತ್ತಿರಬೇಕು. ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು ಎಂದು ನಾನು ತಿಳಿದಿದ್ದೆ. ಆ ವಾರದಷ್ಟು ಖಾರವಾಗಿ ನಾನು ಮತ್ತೆಂದೂ ಬರೆದಿಲ್ಲ. ಹುಡುಗಿಯನ್ನು ಒಳ್ಳೆಯವಳಾಗಿ ಉಳಿಸಬೇಕೆಂದು ಲೇಖಕರು ಆಟವನ್ನೇ ಕೊಂದಿದ್ದಾರೆ, ಒಬ್ಬರನ್ನು ಹಿಂದಕ್ಕೆ ಕಳಿಸದೆ ತಾನು ಮುಂದೆ ಹೋಗಲಾರೆ ಎಂಬ ಸಂಕಟವೇ ಈ ಆಟದ ಜೀವ, ಅದನ್ನು ತೆಗೆದರೆ ಉಳಿಯುವುದು ಬರೀ ಕೋಣೆಗಳು ಎಂದು ಬರೆದೆ.

ಎರಡು ವಾರಕ್ಕೆ ಲೇಖಕರ ಉತ್ತರ ಅಚ್ಚಾಯಿತು. ನಮ್ಮ ಕಡೆ ಚೌಕಾಬಾರದಲ್ಲಿ ಕಡಿಯಲೇಬೇಕೆಂಬ ಕಟ್ಟಳೆಯೇ ಇಲ್ಲ, ವಿಮರ್ಶಕಿ ತಮ್ಮ ಮನೆಯ ಜಗುಲಿಯನ್ನೇ ಜಗತ್ತು ಎಂದು ತಿಳಿದಂತಿದೆ ಎಂದು ಬರೆದಿದ್ದರು. ಮಾವ ಓದಿ, ಕನ್ನಡಕ ತೆಗೆದು, ನನಗೆ ನೋವಾಗದ ಹಾಗೆ ಮೆಲ್ಲಗೆ ಹೇಳಿದರು: "ಈ ಮನೇಲೂ ಹಾಗಿಲ್ಲಮ್ಮ. ನಮ್ಮಲ್ಲಿ ಯಾರನ್ನೂ ಕಡೀಬೇಕಾಗಿಲ್ಲ."

ಮುಖಕ್ಕೆ ಹೊಡೆದ ಹಾಗಾಯಿತು. ಆ ಮನೆಗೆ ಬಂದು ಇಷ್ಟು ವರ್ಷವಾದರೂ ಅಲ್ಲಿ ಒಂದಾಟವನ್ನೂ ನಾನು ಆಡಿರಲಿಲ್ಲ, ಆಡಿದ್ದರೆ ತಾನೆ ಗೊತ್ತಾಗುವುದು. ಆಗ ಕೋಣೆಯಿಂದ ನಗು ಕೇಳಿಸಿತು. ಅತ್ತೆ, ಸೊಟ್ಟ ಬಾಯಲ್ಲಿ ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಹೋದೆ. ಎಡಗೈಯಲ್ಲಿ ಹತ್ತಿರ ಬಾ ಎಂದು ಕರೆದು, ತೊದಲುತ್ತಾ ಹೇಳಿದರು: "ದೇವ್ನೂರಲ್ಲೂ ಕಡೀಲೇಬೇಕು ಕಣವ್ವ. ಇಲ್ಲಿಗ್ ಬಂದ್ ಮ್ಯಾಲೆ ಬುಟ್ಟೆ."

ಅತ್ತೆಯ ತವರು ನಂಜನಗೂಡು ತಾಲ್ಲೂಕಿನ ದೇವನೂರು. ಅವರ ತಮ್ಮ ಅಲ್ಲಿ ಬೇಸಾಯ ಮಾಡಿಕೊಂಡಿದ್ದರು. ಮದುವೆಯಾದ ಹೊಸದರಲ್ಲಿ ಮಾವ ಅತ್ತೆಯ ಹಳ್ಳಿ ಮಾತನ್ನು ತಿದ್ದಿ ತಿದ್ದಿ ಪಾಠದ ಕನ್ನಡ ಮಾಡಿದ್ದರು. ಲಕ್ವ ಆ ತಿದ್ದಿದ್ದನ್ನೆಲ್ಲ ಕಿತ್ತುಕೊಂಡು ಹೋಗಿ, ಅತ್ತೆಗೆ ದೇವನೂರಿನ ಮಾತನ್ನು ವಾಪಸ್ಸು ಕೊಟ್ಟಿತ್ತು. ಅವತ್ತು ಅವರು ತಮ್ಮ ಹಳೆಯ ಡಬ್ಬಿಯಿಂದ ಕವಡೆ ತೆಗೆಸಿದರು. ಮಂಚದ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದೆ. ಮಾವ ಪೂಜೆಗೋ ಪೇಟೆಗೋ ಹೋದ ಹೊತ್ತಿನಲ್ಲಿ ನಾವಿಬ್ಬರೂ ಆಡತೊಡಗಿದೆವು, ನಂಜನಗೂಡು ತಾಲ್ಲೂಕಿನ ಕಟ್ಟಳೆಯಂತೆ. ಒಂದೇ ಕೈಯಲ್ಲಿ ಅತ್ತೆ ಆಡುವ ಚೆಂದ ನೋಡಬೇಕಿತ್ತು. ನನ್ನನ್ನು ಕಡಿದು ಕಡಿದು ಹಾಕಿದರು.

ದೀಪಾವಳಿ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಆಟದಲ್ಲಿ ನನ್ನ ಒಂದು ಕಾಯಿ ಕೂಡ ಒಳಗೆ ಹೋಗಿರಲಿಲ್ಲ, ಅವರದನ್ನು ಒಂದನ್ನೂ ಕಡಿಯಲಾಗದೆ ಹೊರಗೇ ಸುತ್ತುತ್ತಿದ್ದೆ. ಅತ್ತೆ ತಮ್ಮ ಒಂದು ಕಾಯನ್ನು ಕಡಿಯಬಾರದ ಕಟ್ಟೆಯ ಮನೆಯಿಂದ ಎತ್ತಿ, ತಂದು ನನ್ನ ಕಾಯಿಗಿಂತ ಎರಡು ಮನೆ ಮುಂದೆ ಇಟ್ಟರು. ನನಗೆ ಎರಡು ಬಿತ್ತು. ಕಣ್ತಪ್ಪಿ ಇಟ್ಟಿರಬೇಕು, ಪಾಪ, ಎಂದು ನಾನು ಬೇರೆ ಕಾಯನ್ನು ನಡೆಸಿದೆ.

"ಕಣ್ ಕಾಣಕ್ಕಿಲ್ವ? ಕಡಿ" ಎಂದರು.

"ಇರಲಿ ಬಿಡಿ ಅತ್ತೆ."

"ಕೈಗ್ ಬಂದ ಕಾಯ ಬುಡೋಳು ನೀನೇನ್ ಇಮರ್ಸೆ ಬರೀತೀಯೇ?"

ನಾನು ನಕ್ಕೆ. ಅವರು ನಗಲಿಲ್ಲ. ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಒಂದೊಂದೇ ಮಾತನ್ನು ಒದ್ದಾಡಿ ಹೊರಗೆ ಹಾಕಿದರು: "ಕಡುದ್ರೆ ನಾ ಎಲ್ಲಿಗೋಯ್ತೀನಿ? ನನ್ ಕಟ್ಟೆಗೆ ತಾನೆ. ಕಳ್ಸು ನನ್ನ. ದೇವ್ನೂರ್ಗೆ. ತಮ್ಮನ್ ಮನೆಗೆ."

ನನ್ನ ಮೇಜಿಗಾಗಿ, ನನ್ನ ಪುಟಕ್ಕಾಗಿ ಈ ಮುದುಕಿ ತನ್ನನ್ನು ತಾನೇ ಕಡಿದುಕೊಳ್ಳುತ್ತಿದ್ದಾಳೆ ಎಂದು ಅಳು ಬಂತು. "ನನಗೋಸ್ಕರ ನೀವು ಯಾಕೆ ಅತ್ತೆ" ಎಂದೆ.

ಅವರಿಗೆ ಕೋಪವೇ ಬಂತು. "ನಿಂಗೋಸ್ಕರ ಅಂದ್ಕಂಡ್ಯಾ? ನಂಗೂ ಸಾಕಾಗದೆ ಕಣೆ ಈ ಮನೆ. ಈ ತೊಲೆ ನೋಡಿ ನೋಡಿ ಸಾಕಾಗದೆ. ಅಲ್ಲಿ ಜಗ್ಲಿ ಮ್ಯಾಲೆ ಆಕ್ಬುಟ್ರೆ ದನಕರ ನೋಡ್ಕಂಡು ಬಿದ್ದಿರ್ತೀನಿ. ತಮ್ಮನ್ ಎಂಡ್ತಿ ನೋಡ್ಕತ್ತಾಳೆ. ಬಾ ಅಂತ ಅವ್ಳೇ ಯೋಳವ್ಳೆ."

ಆ ಮನೆಯಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ನನ್ನನ್ನು ಹೋಗಲು ಬಿಡದೆ ಕಟ್ಟಿಹಾಕಿರುವುದು ಅವರ ಮಂಚ ಎಂದು ಎಷ್ಟೋ ಸಲ ಹಲ್ಲು ಕಚ್ಚಿದ್ದೆ. ಆ ಮಂಚದ ಮೇಲೆ ಮಲಗಿದವರೂ ದಾರಿ ಹುಡುಕುತ್ತಿದ್ದಾರೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ನಡೆಸಿದ ಕಾಯನ್ನು ವಾಪಸ್ಸಿಟ್ಟು, ಅವರ ಕಾಯನ್ನು ಕಡಿದೆ. ಅತ್ತೆ ನನ್ನ ಕೆನ್ನೆ ತಟ್ಟಿದರು.

ಹಾಲಿನ ಹೆಂಗಸಿನ ನೆಂಟರೊಬ್ಬರ ಕೈಯಲ್ಲಿ ದೇವನೂರಿಗೆ ಹೇಳಿ ಕಳಿಸಿದೆವು. ಮಾವನಿಗೆ ಮೊದಲೇ ಹೇಳಲಿಲ್ಲ. ಅವರು ಹೋಗು ಅಂದವರು ತಾನೆ, ಇವಳ ವ್ಯವಸ್ಥೆ ಒಂದಾಗಲಿ ಅಂದವರು ತಾನೆ, ವ್ಯವಸ್ಥೆ ಎದುರಿಗೇ ಬಂದು ನಿಂತರೆ ಸಂತೋಷಪಡುತ್ತಾರೆ ಎಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು.

ಅತ್ತೆಯ ತಮ್ಮ ಹೆಂಡತಿಯನ್ನೂ ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಬಂದರು. ಕಾರಿನ ಹಿಂದಿನ ಸೀಟಿಗೆ ಹಾಸಿಗೆ, ದಿಂಬು ಎಲ್ಲ ಹಾಕಿಸಿದ್ದರು. ನಾನು ಬೆಳಿಗ್ಗೆಯೇ ಅತ್ತೆಗೆ ತಲೆ ಬಾಚಿ, ಹೂ ಮುಡಿಸಿ, ಹಸಿರು ರೇಷ್ಮೆ ಉಡಿಸಿ, ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿದ್ದೆ. ಅವರ ಮುಖ ಮದುವೆ ಹೆಣ್ಣಿನ ಹಾಗಿತ್ತು. ಮಾವ ಪೂಜೆ ಮುಗಿಸಿ ಬಂದವರು ಭಾವಮೈದನನ್ನು ಕಂಡು ಸಂಭ್ರಮಪಟ್ಟರು. ಕಾಲಿಗೆ ನೀರು ಕೊಡಿಸಿ, ಊಟಕ್ಕೆ ಕೂರಿಸಿ, ಪಕ್ಕದಲ್ಲಿ ನಿಂತು ತುಪ್ಪ ಬಡಿಸಿದರು.

ಊಟವಾದ ಮೇಲೆ ಅತ್ತೆಯ ತಮ್ಮ, "ಅಕ್ಕನ್ನ ಕರ್ಕಂಡೋಗವ ಅಂತ ಬಂದ್ವಿ ಭಾವ. ಒಸಿ ದಿಸ ನಮ್ಮಲ್ಲಿ ಇರ್ಲಿ" ಎಂದರು.

ಮಾವ ಎಲೆಯಡಿಕೆ ತಟ್ಟೆಯನ್ನು ಕೆಳಗಿಟ್ಟರು. ಹೂ ಮುಡಿದು ಕುಳಿತ ಹೆಂಡತಿಯನ್ನು ಆಗ ಸರಿಯಾಗಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷ ನನ್ನ ಜೊತೆ ಬಾಳಿದೋಳನ್ನ ಕಾಲು ಬಿದ್ದ ಮೇಲೆ ತವರಿಗೆ ಸಾಗಹಾಕಿದ ಅನ್ನಿಸಿಕೊಳ್ಳಲಾ? ಅವಳ ಊಟ, ಅವಳ ಪೂಜೆ, ಏನು ಕಮ್ಮಿ ಮಾಡಿದ್ದೀನಪ್ಪ ನಾನು?" ಎಂದರು. ನಾಟಕವಲ್ಲ, ನಿಜವಾಗಿಯೂ ಅತ್ತರು. ಅಳುವ ಹಿರಿಯರ ಮುಂದೆ ಭಾವಮೈದ ತಲೆ ತಗ್ಗಿಸಿದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು.

ಅತ್ತೆ ಮಾತಾಡಲು ಬಾಯಿ ತೆರೆದರು. ಉದ್ವೇಗಕ್ಕೆ ನಾಲಗೆ ಹೊರಳಲೇ ಇಲ್ಲ, ಬರೀ ಸದ್ದು ಬಂತು. ಕುರ್ಚಿಯ ಕೈಯನ್ನು ಎಡಗೈಯಲ್ಲಿ ಬಡಿದರು, ಬಾಗಿಲ ಕಡೆ ತೋರಿಸಿದರು. ನಾನು ಸುಮ್ಮನಿರಲಿಲ್ಲ. "ಮಾವ, ಅತ್ತೆಗೇ ಹೋಗಬೇಕು ಅಂತಿದೆ. ಅವರೇ ಹೇಳಿ ಕರೆಸಿಕೊಂಡದ್ದು" ಎಂದೆ, ಗಟ್ಟಿಯಾಗಿಯೇ.

ಅವರು ನನ್ನ ಕಡೆ ತಿರುಗಿ ಎಂದಿನಂತೆ ಮೆಲ್ಲಗೆ ಹೇಳಿದರು: "ಅವಳಿಗೆ ಈಗ ಏನು ಗೊತ್ತಾಗುತ್ತಮ್ಮ? ನಮ್ಮಲ್ಲಿ ಹಾಗಿಲ್ಲ."

ಕಾರು ಹಾಸಿಗೆಯನ್ನು ಹೊತ್ತುಕೊಂಡು ಖಾಲಿ ವಾಪಸ್ಸು ಹೋಯಿತು. ಭಾವಮೈದನಿಗೆ ಮಾವ ಒಂದು ಗೊನೆ ಬಾಳೆಹಣ್ಣು ಕಟ್ಟಿಸಿ ಕಳಿಸಿದರು. ನಾನು ಅತ್ತೆಯ ರೇಷ್ಮೆ ಬಿಚ್ಚಿ, ಹಳೆಯ ನೂಲಿನ ಸೀರೆ ಸುತ್ತಿ, ಮಂಚಕ್ಕೆ ಸೇರಿಸಿದೆ. ಹೂವನ್ನು ಅವರೇ ಕಿತ್ತು ನೆಲಕ್ಕೆ ಹಾಕಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಪಾದಕರಿಗೆ ಮಾವನೇ ಬರೆದರು. ಮನೆಯ ಪರಿಸ್ಥಿತಿಯಿಂದಾಗಿ ನಮ್ಮ ಸೊಸೆಗೆ ಬರಲಾಗುತ್ತಿಲ್ಲ, ಆದರೆ ಮನೆಯಿಂದಲೇ ವಿಮರ್ಶೆ ಕಳಿಸುತ್ತಿರುತ್ತಾಳೆ, ಪ್ರತಿ ತೆಗೆದು ಕಳಿಸುವ ಜವಾಬ್ದಾರಿ ನನ್ನದು ಎಂದು. ಬರೆದು ನನಗೆ ಓದಿ ಹೇಳಿದರು. ಒಂದು ಅಕ್ಷರ ತಪ್ಪಿರಲಿಲ್ಲ. ಆ ಮೇಜಿಗೆ ಬೇರೆ ಯಾರೋ ಬಂದರು.

ದೀಪಾವಳಿ ಕಳೆದ ಮೇಲೆ ಧಾರಾವಾಹಿ ಮುಗಿಯಿತು. ಹುಡುಗಿ ನಡುವಿನ ಕೋಣೆ ಮುಟ್ಟಿ, ಬಾಗಿಲು ತೆರೆದು, ಬಿಸಿಲಿಗೆ ಬಂದಳು. ಕೆಟ್ಟ ಮುದುಕ ಕವಡೆ ಎಸೆದು ಸತ್ತ. ಹಾಲಿನ ಹೆಂಗಸು ನೆಮ್ಮದಿಯಿಂದ ನಿಟ್ಟುಸಿರುಬಿಟ್ಟಳು. ಮಾವ ಕೊನೆಯ ಸಾಲು ಓದಿ ಕಣ್ಣೊರೆಸಿಕೊಂಡು, "ಏನೂ ಹೇಳಲಿಲ್ಲವಲ್ಲಮ್ಮ ಈ ಸಲ?" ಎಂದರು. "ಚೆನ್ನಾಗಿದೆ ಮಾವ" ಎಂದೆ. ಆ ಧಾರಾವಾಹಿಯ ಬಗ್ಗೆ ನಾನು ಮತ್ತೆ ಬರೆಯಲಿಲ್ಲ. ಬೇರೆ ಎಷ್ಟೋ ಪುಸ್ತಕಗಳ ಬಗ್ಗೆ ಬರೆದೆ, ಅವರು ಪ್ರತಿ ತೆಗೆದರು, ಅಚ್ಚಾಯಿತು, ಪೇಟೆಯಲ್ಲಿ ತೋರಿಸಿದರು. ಎಂಬತ್ತರ ದಶಕ ಹಾಗೇ ಸಾಗಿತು.

ಅತ್ತೆ ಮತ್ತೆ ಎಷ್ಟೋ ವರ್ಷ ಬದುಕಿದ್ದರು. ದ್ವೇಷ ಸಾಧಿಸಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ಮಗಳು ಹುಟ್ಟಿದಳು, ತೊಟ್ಟಿಲನ್ನು ಅವರ ಮಂಚದ ಪಕ್ಕಕ್ಕೇ ಕಟ್ಟಿದೆವು. ಮಧ್ಯಾಹ್ನ ಮಗು ಮಲಗಿದಾಗ ಹಲಗೆ ಎಳೆದುಕೊಂಡು ಆಡುತ್ತಿದ್ದೆವು. ಅತ್ತೆ ಈಗ ಗೆಲ್ಲಲು ಆಡುತ್ತಿರಲಿಲ್ಲ. ತಮ್ಮ ಕಾಯನ್ನು ಕಟ್ಟೆಯಿಂದ ಇಳಿಸಿ, ನನಗೆ ಸಿಗುವಂತೆ ತಂದಿಟ್ಟು ಕಾಯುತ್ತಿದ್ದರು. ನಾನು ಕಡಿಯುತ್ತಿದ್ದೆ. ಅವರ ಕಾಯನ್ನು ಎತ್ತಿ, ಅದು ಹೊರಟ ಮನೆಗೆ, ಅವರ ದೇವನೂರಿನ ಕಟ್ಟೆಗೆ, ತಂದಿಡುತ್ತಿದ್ದೆ. ಕಡಿದವರಿಗೆ ಇನ್ನೊಂದು ಆಟ ಉಂಟು, ಹಾಗಾಗಿ ನಾನು ಮತ್ತೆ ಕವಡೆ ಎತ್ತಿಕೊಂಡರೆ, ಅತ್ತೆ ನನ್ನ ಕೈ ಹಿಡಿದು ತಡೆಯುತ್ತಿದ್ದರು.

"ತಡಿಯೇ, ಆಗ್ಲೇ ಆಕ್ಬ್ಯಾಡ. ಒಸಿ ಒತ್ತು ಇಲ್ಲೇ ಇರ್ತೀನಿ."

ನಾನು ಕವಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದೆ.